ಮೀನಿನ ತೊಟ್ಟಿಯಲ್ಲಿ ಮನೆಗಿಡ: ಬೇರು ನೀರಿಗೆ, ಎಲೆ ಗಾಳಿಗೆ



ಭತ್ತದ ಬೆಂಕಿರೋಗ, ತೆಂಗಿನ ನುಸಿ, ರಾಗಿಯ ಬಿತ್ತನೆ ಕಾಲ, ಇವುಗಳನ್ನೇ ಓದಿ ರೂಢಿಯಾದ ಈ ಪುಟದಲ್ಲಿ ಗಾಜಿನ ತೊಟ್ಟಿಯ ಮೀನಿನ ಮಾತೇಕೆ ಬಂತು ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈಚಿನ ವರ್ಷಗಳಲ್ಲಿ ನಾನು ಹಳ್ಳಿಗಳಿಗೆ ಹೋದಲ್ಲೆಲ್ಲ ಒಂದು ಹೊಸ ವಸ್ತು ಕಣ್ಣಿಗೆ ಬೀಳುತ್ತಿದೆ. ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಹಾಲಿನ ಡೇರಿಯ ಕಚೇರಿಯಲ್ಲಿ, ಹೊಸದಾಗಿ ಕಟ್ಟಿಸಿದ ಮನೆಯ ಪಡಸಾಲೆಯಲ್ಲಿ ಒಂದೊಂದು ಅಕ್ವೇರಿಯಂ ಬಂದು ಕುಳಿತಿದೆ. ಪೇಟೆಗೆ ಓದಲು ಹೋದ ಹುಡುಗರು ರಜೆಗೆ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಗಪ್ಪಿ ಮೀನು, ಎರಡು ಗಿಡ ತರುತ್ತಾರೆ. ಎರಡು ತಿಂಗಳಲ್ಲಿ ಗಿಡ ಕೊಳೆಯುತ್ತದೆ, ನೀರು ನಾರುತ್ತದೆ, ಮೀನು ಸಾಯುತ್ತದೆ, ತೊಟ್ಟಿ ಅಟ್ಟ ಸೇರುತ್ತದೆ. ಅಷ್ಟೋ ಇಷ್ಟೋ ಉಳಿದ ಗಿಡ ಮೀನುಗಳನ್ನು ‘ಪಾಪ, ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ಊರ ಕೆರೆಗೆ ಸುರಿದು ಬರುತ್ತಾರೆ. ಈ ಕೊನೆಯ ಕೆಲಸದಿಂದಾಗಿ ಪಡಸಾಲೆಯ ಮಾತು ಗದ್ದೆಯ ಮಾತಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಗಿಡ ಏಕೆ ಕೊಳೆಯುತ್ತದೆ, ಕೊಳೆಯದಂತೆ ಹೇಗೆ ಬೆಳೆಸಬಹುದು ಎಂಬುದನ್ನು ನೋಡೋಣ.

ನನ್ನ ಮನೆಯಲ್ಲೇ ಆದ ಎಡವಟ್ಟು

ಬಿಎಸ್ಸಿ ಕೃಷಿ ಓದಿ, ಇಪ್ಪತ್ತು ವರ್ಷ ನಿಮಗೆಲ್ಲ ಗೊಬ್ಬರದ ಲೆಕ್ಕ ಹೇಳಿದ ನಾನೇ ಈ ವಿಷಯದಲ್ಲಿ ಎಡವಿದೆ. ಮುಚ್ಚಿಟ್ಟರೆ ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ.

ಮಗಳ ಹಟಕ್ಕೆ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ತಂದೆ. ಸುಮಾರು 50 ಲೀಟರ್ ನೀರು ಹಿಡಿಯಿತು. ಹನ್ನೊಂದು ಗಪ್ಪಿ ಮೀನು ಬಿಟ್ಟೆವು. ಅಂಗಡಿಯಲ್ಲಿ ‘ನೀರಿನ ಗಿಡ’ವೆಂದು ಕೊಟ್ಟದ್ದರಲ್ಲಿ ಗೆಣ್ಣು ಗೆಣ್ಣಾದ ಹಸಿರು ಕಡ್ಡಿಗಳಿದ್ದವು, ಬಿಳಿ ಅಂಚಿನ ಎಲೆಯ ಸಣ್ಣ ಗಿಡಗಳಿದ್ದವು. ಎಲ್ಲವನ್ನೂ ತಲೆ ಮುಳುಗುವಂತೆ ಮರಳಿನಲ್ಲಿ ನೆಟ್ಟೆ. ಮೊದಲ ಎರಡು ವಾರ ನೋಡಲು ಚೆಂದವಾಗಿತ್ತು. ಮೂರನೆಯ ವಾರ ಎಲೆ ಬಿಳಿಚಿತು, ಅಂಚು ಕರಗತೊಡಗಿತು. ನನ್ನ ಕಣ್ಣಿಗೆ ಅದು ಸಾರಜನಕದ ಕೊರತೆಯಂತೆ ಕಂಡಿತು. ಒಂದು ಟೀ ಚಮಚ ಡಿಎಪಿ ಹಾಕಿದೆ. ಎಕರೆಗೆ ಚೀಲದ ಲೆಕ್ಕದಲ್ಲಿ ಶಿಫಾರಸು ಮಾಡುವ ಕೈಗೆ ಐದು ಗ್ರಾಂ ಏನು ದೊಡ್ಡದು?

ಬೆಳಿಗ್ಗೆ ಏಳುವ ಹೊತ್ತಿಗೆ ಏಳು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ‘ಗೊಬ್ಬರ ಹಾಕಿದರೆ ಗಿಡ ಬೆಳೆಯುತ್ತೆ ಅಂತ ಎಲ್ಲರಿಗೂ ಹೇಳ್ತೀರಲ್ಲ ಅಪ್ಪಾ’ ಎಂದು ಮಗಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಲೆಕ್ಕ ಹಾಕಿ ನೋಡಿದ್ದು ಆಮೇಲೆ. ಡಿಎಪಿಯಲ್ಲಿ ಸಾರಜನಕ ಶೇಕಡಾ 18, ಅದೆಲ್ಲವೂ ಅಮೋನಿಯಾ ರೂಪದ್ದು. ಐದು ಗ್ರಾಂನಲ್ಲಿ 900 ಮಿಲಿಗ್ರಾಂ. 50 ಲೀಟರಿಗೆ ಹಂಚಿದರೆ ಲೀಟರಿಗೆ 18 ಮಿಲಿಗ್ರಾಂ. ಮೀನು ಸಾಕುವವರು ತೊಟ್ಟಿಯ ನೀರಿನಲ್ಲಿ ಅಮೋನಿಯಾ ಸೊನ್ನೆ ಇರಬೇಕೆನ್ನುತ್ತಾರೆ. ಸಾಲದೆಂಬಂತೆ ನಮ್ಮದು ಗಡಸು ಬೋರ್‌ವೆಲ್ ನೀರು, ರಸಸಾರ 8ರ ಮೇಲೆ. ರಸಸಾರ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ನೀವು ನೋಡುವ ಅದೇ ರಸಸಾರ.

ಅದೇ ವಾರ ಗದ್ದೆ ಸೀಮೆಯ ಹಿರಿಯ ರೈತರೊಬ್ಬರು ಯಾವುದೋ ಕೆಲಸಕ್ಕೆ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ತೊಟ್ಟಿಯನ್ನು ಬಹಳ ಹೊತ್ತು ನೋಡಿದರು. ‘ಅಲ್ಲ ಸಾಹೇಬ್ರೇ, ಗಿಡದ ತಲೆನೇ ಮುಳುಗ್ಸಿಬಿಟ್ರೆ ಅದು ಉಸ್ರಾಡೋದೆಲ್ಲಿ? ನಾಟಿ ಹಾಕಿದ್ ಮ್ಯಾಲೆ ಮಳೆ ಬಂದು ಪೈರು ಮುಳುಗ್ ಹೋದ್ರೆ ಏನಾಯ್ತದೆ ಅಂತ ನಮಗೆ ನೀವೇ ಹೇಳಿದ್ರಲ್ಲ?’ ಎಂದರು. ನಾನು ಓದಿದ್ದೆಲ್ಲ ಆ ಒಂದು ಮಾತಿನಲ್ಲಿ ಇತ್ತು.

ಮುಳುಗಿದ ಎಲೆಯ ಕಷ್ಟ

ಗದ್ದೆಯಲ್ಲಿ ಭತ್ತದ ಕಾಲು ನೀರಿನಲ್ಲಿ, ತಲೆ ಬಿಸಿಲಿನಲ್ಲಿ. ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯಲು ಕಾಂಡದೊಳಗೆ, ಬೇರಿನೊಳಗೆ ಟೊಳ್ಳು ದಾರಿಗಳಿವೆ. ಹಾಗಾಗಿ ಅದು ಕೆಸರಿನಲ್ಲಿ ನಿಂತೂ ಬದುಕುತ್ತದೆ. ಆದರೆ ಎಲೆಯ ತುದಿಯೂ ಮುಳುಗಿದರೆ ಆ ಭತ್ತವೂ ಸೋಲುತ್ತದೆ. ಎರಡು ವಾರದಷ್ಟು ಮುಳುಗಡೆ ತಾಳಬಲ್ಲ ಸ್ವರ್ಣ-ಸಬ್ 1 ಎಂಬ ತಳಿ 2009ರಲ್ಲಿ ಬಿಡುಗಡೆಯಾಯಿತು. ಅಂಥ ತಳಿಗೂ ಒಂದು ಮಿತಿಯಿದೆಯೆಂದ ಮೇಲೆ ಕುಂಡದ ಗಿಡದ ಪಾಡೇನು?

ಗಿಡ ಆಹಾರ ತಯಾರಿಸಲು ಇಂಗಾಲಾಮ್ಲ ವಾಯು ಬೇಕು. ಆ ವಾಯು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನೀರಿನಲ್ಲೇ ಹುಟ್ಟಿ ಬೆಳೆಯುವ ಗಿಡಗಳ ಎಲೆ ಇದಕ್ಕೆ ಹೊಂದಿಕೊಂಡಿದೆ. ನಮ್ಮ ಕೆರೆಗಳಲ್ಲಿ ಕೈಗೆ ಸುತ್ತಿಕೊಳ್ಳುವ ಜಲಸಸ್ಯಗಳನ್ನು ಎತ್ತಿ ನೋಡಿ. ಎಲೆ ಕಾಗದಕ್ಕಿಂತ ತೆಳು, ಮೇಲಕ್ಕೆತ್ತಿದರೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ. ನೆಲದ ಗಿಡದ ಎಲೆ ಹಾಗಲ್ಲ. ನೀರು ಆರಿಹೋಗದಿರಲೆಂದು ಅದರ ಮೇಲೆ ಮೇಣದ ಲೇಪವಿದೆ, ಉಸಿರಾಟಕ್ಕೆ ಪತ್ರರಂಧ್ರಗಳಿವೆ. ಮುಳುಗಿಸಿದರೆ ಆ ಮೇಣವೇ ಅಡ್ಡಗೋಡೆಯಾಗುತ್ತದೆ. ಗಿಡ ಕಾಂಡದಲ್ಲಿ ಕೂಡಿಟ್ಟ ಆಹಾರ ಮುಗಿಯುವವರೆಗೆ ಕೆಲವು ವಾರ ಹಸಿರಾಗಿರುತ್ತದೆ, ಆಮೇಲೆ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವನ್ನು ಕುಡಿಯುತ್ತದೆ, ಅಮೋನಿಯಾ ಬಿಡುತ್ತದೆ. ಮೀನಿಗೆ ಎರಡು ಕಡೆಯಿಂದಲೂ ಪೆಟ್ಟು.

ಅಂಗಡಿಗಳಲ್ಲಿ ಜಲಸಸ್ಯವೆಂದು ಮುಳುಗಿಸಿಟ್ಟು ಮಾರುವುದರಲ್ಲಿ ಇಂಥ ನೆಲದ ಗಿಡಗಳು ಸಾಕಷ್ಟಿವೆ. ‘ಲಕ್ಕಿ ಬ್ಯಾಂಬೂ’ ಎಂಬುದು ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ. (ಅದೃಷ್ಟದ ಮಾತನ್ನು ನಾನು ಆಡುವುದಿಲ್ಲ.) ಸಿಂಗೋನಿಯಂ, ಬಿಳಿ ಹೂವಿನ ಪೀಸ್ ಲಿಲ್ಲಿ, ಹುಲ್ಲಿನಂತೆ ಗೆರೆ ಎಲೆಯ ಸ್ಪೈಡರ್ ಗಿಡ, ನೇರಳೆ ಬಣ್ಣದ ಹೆಮಿಗ್ರಾಫಿಸ್ ಇವೆಲ್ಲ ಮುಳುಗಿದರೆ ಸಾಯುವ ಜಾತಿಗಳು. ಕೊಳ್ಳುವಾಗ ಒಂದು ಸುಲಭ ಪರೀಕ್ಷೆಯಿದೆ. ಗಿಡವನ್ನು ನೀರಿನಿಂದ ಎತ್ತಿ ಹಿಡಿಯಿರಿ. ಕಾಂಡ ನೆಟ್ಟಗೆ ನಿಂತು, ಎಲೆ ಗಡುಸಾಗಿ, ಕೆಸುವಿನೆಲೆಯ ಮೇಲಿನಂತೆ ನೀರು ಹನಿ ಹನಿಯಾಗಿ ಜಾರಿದರೆ ಅದು ಬಹುಮಟ್ಟಿಗೆ ನೆಲದ ಗಿಡ. ಎರಡೂ ಕಡೆ ಬಾಳುವ ಕೆಲವು ಗಿಡಗಳು ಈ ಪರೀಕ್ಷೆಗೆ ಅಪವಾದ. ನಿಮ್ಮ ಗದ್ದೆಯ ಬದುವಿನಲ್ಲಿ ಹರಡುವ ನೀರುಬ್ರಾಹ್ಮಿ ಅಂಥದು. ಅದೇ ಗಿಡವನ್ನು ಪೇಟೆಯಲ್ಲಿ ಬಕೋಪಾ ಎಂದು ಕರೆದು ಕಟ್ಟು ಕಟ್ಟಾಗಿ ಮಾರುತ್ತಾರೆ.

ಹಾಗಾದರೆ ಮನೆಗಿಡ ಅಕ್ವೇರಿಯಂಗೆ ಬೇಡವೇ ಎಂದರೆ, ಬೇಕು. ಬೇರು ಮಾತ್ರ ನೀರಿನೊಳಗಿರಲಿ, ಎಲೆ ತೊಟ್ಟಿಯ ಹೊರಗಿರಲಿ.

ಮೀನು ಕೊಡುವ ಗೊಬ್ಬರ

ಮೀನು ತಿಂದ ಆಹಾರದ ಸಾರಜನಕ ಬಹುಪಾಲು ಅದರ ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೆ ಬರುತ್ತದೆ. ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟಿನ ಕೇಡು ಅಷ್ಟಿಲ್ಲ, ಆದರೆ ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ, ದಿನೇ ದಿನೇ ಕೂಡುತ್ತದೆ, ಪಾಚಿಯನ್ನು ಸಾಕುತ್ತದೆ. ನೀವು ಯೂರಿಯಾ ಎರಚಿದ ಮೇಲೆ ಹೊಲದ ಮಣ್ಣಿನಲ್ಲಿ ನಡೆಯುವುದೂ ಇದೇ ಬಗೆಯ ಕ್ರಿಯೆ. ಅಲ್ಲಿ ಅದನ್ನು ಹೀರಲು ಬೆಳೆಯಿದೆ. ಗಾಜಿನ ತೊಟ್ಟಿಯಲ್ಲಿ ಬೆಳೆಯೇ ಇಲ್ಲ. ಆ ಬೆಳೆಯ ಜಾಗಕ್ಕೆ ಮನಿಪ್ಲಾಂಟನ್ನು ತಂದು ನಿಲ್ಲಿಸುವುದು ನಮ್ಮ ಉಪಾಯ.

ಮನಿಪ್ಲಾಂಟ್ ಇದಕ್ಕೆ ಏಕೆ ಹೇಳಿ ಮಾಡಿಸಿದಂತಿದೆ? ಇದು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದ ಮೂಲದ್ದು, ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೆ ಸೇರಿದ್ದು. ಕಾಳುಮೆಣಸಿನ ಬಳ್ಳಿಯಂತೆ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಬೆಳಕು ಕಡಿಮೆಯಿದ್ದರೂ ಗೊಣಗುವುದಿಲ್ಲ. ಎಲೆ ಗಾಳಿಯಲ್ಲಿರುವುದರಿಂದ ಇಂಗಾಲಾಮ್ಲಕ್ಕೆ ಕೊರತೆಯಿಲ್ಲ, ಬೇರಿನ ತುದಿಗೆ ಗೊಬ್ಬರ ಸಿದ್ಧವಾಗಿದೆ. ಮುಳುಗಿದ ಜಲಸಸ್ಯಕ್ಕಿಂತ ಬೇಗ ಬೆಳೆಯುತ್ತದೆ. ಬೆಳೆದಷ್ಟೂ ಸಾರಜನಕ ಎಳೆಯುತ್ತದೆ.

ಒಂದು ಎಚ್ಚರಿಕೆ. ಎಲೆ ಹೊರಗಿರುವ ಗಿಡ ನೀರಿಗೆ ಆಮ್ಲಜನಕ ತುಂಬುತ್ತದೆಂದು ತಿಳಿಯಬೇಡಿ. ಅದು ಬಿಡುವ ಆಮ್ಲಜನಕ ನಿಮ್ಮ ಪಡಸಾಲೆಗೆ, ಮೀನಿಗಲ್ಲ. ಮೀನಿನ ಉಸಿರಿಗೆ ನೀರಿನ ಮೇಲ್ಮೈ ಅಲುಗಾಡುತ್ತಿರಬೇಕು. ಅದಕ್ಕೆ ಏರ್ ಪಂಪ್ ಬೇಕು. ಹಳ್ಳಿಯಲ್ಲಿ ಕರೆಂಟು ನಂಬಿ ಕೂರುವಂತಿಲ್ಲವಾದ್ದರಿಂದ, ಪಂಪ್ ನಿಂತರೂ ನಾಲ್ಕೈದು ಗಂಟೆ ತಡೆಯುವಷ್ಟೇ ಮೀನು ಬಿಡಿ. 50 ಲೀಟರಿಗೆ ಹತ್ತು ಗಪ್ಪಿ ಸಾಕು. ಇಪ್ಪತ್ತು ಬಿಟ್ಟು ಮನಿಪ್ಲಾಂಟ್ ಕಾಪಾಡಲಿ ಎಂದರೆ ಕಾಪಾಡುವುದಿಲ್ಲ.

ನೆಡುವ ಬಗೆ

ಮಣ್ಣಿನ ಕುಂಡದಿಂದ ಗಿಡ ಕಿತ್ತು ಹಾಗೇ ಇಳಿಬಿಡುವುದಕ್ಕಿಂತ ಹೊಸ ತುಂಡುಗಳಿಂದ ಆರಂಭಿಸುವುದು ಉತ್ತಮ. ಮಣ್ಣಿನಲ್ಲಿ ಹುಟ್ಟಿದ ಬೇರು ನೀರಿಗೆ ಬಿದ್ದಾಗ ಬಹುಪಾಲು ಕೊಳೆಯುತ್ತದೆ. ನೀರಿನಲ್ಲೇ ಹುಟ್ಟಿದ ಬೇರಿನ ರಚನೆಯೇ ಬೇರೆ, ಅದರೊಳಗೆ ಗಾಳಿಯ ಜಾಗ ಹೆಚ್ಚು. ಆರೋಗ್ಯವಾದ ಬಳ್ಳಿಯಲ್ಲಿ ಎರಡು ಮೂರು ಎಲೆಯಿರುವ ಗೇಣುದ್ದದ ತುಂಡನ್ನು ಆರಿಸಿಕೊಂಡು, ಗೆಣ್ಣಿನ ಕೆಳಗೆ ಅರ್ಧ ಅಂಗುಲ ಬಿಟ್ಟು, ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿ. ಗೆಣ್ಣಿಲ್ಲದ ತುಂಡಿಗೆ ಬೇರು ಬಾರದು, ಕಬ್ಬಿನ ಬಿತ್ತನೆ ಮಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿಗಿಳಿಯುವ ಗೆಣ್ಣಿನ ಎಲೆಯನ್ನು ತೊಟ್ಟಿನ ಸಮೇತ ತೆಗೆದುಬಿಡಿ. ಕತ್ತರಿಸಿದ ಗಾಯ ಒಂದೆರಡು ಗಂಟೆ ನೆರಳಲ್ಲಿ ಒಣಗಲಿ. ಆಮೇಲೆ ಬಕೆಟ್ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಈ ತೊಳೆಯುವ ಕೆಲಸವನ್ನು ಹಗುರವಾಗಿ ತಿಳಿಯಬೇಡಿ. ಮಲೆನಾಡಿನಲ್ಲಿ ಮನಿಪ್ಲಾಂಟ್ ಬಳ್ಳಿ ಅಡಿಕೆ ಮರಕ್ಕೂ ಹಬ್ಬಿರುತ್ತದೆ. ಆ ಮರಕ್ಕೆ ಬೋರ್ಡೋ ದ್ರಾವಣ ಹೊಡೆದಿದ್ದರೆ ಎಲೆಯ ಮೇಲೆ ಮೈಲುತುತ್ತದ ತಾಮ್ರ ಕೂತಿರುತ್ತದೆ. ತಾಮ್ರ ಶಂಖದ ಹುಳುವಿಗೆ, ಸಿಗಡಿಗೆ, ಮೀನಿಗೆ ವಿಷ, ಮೆದು ನೀರಿನಲ್ಲಂತೂ ಇನ್ನೂ ಕೆಟ್ಟದ್ದು. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳು ಮೀನಿಗೆ ಅತ್ಯಂತ ಅಪಾಯಕಾರಿ. ಹತ್ತಿಗೋ ತೊಗರಿಗೋ ಔಷಧಿ ಹೊಡೆದು ಬಂದ ದಿನ ಸ್ನಾನ ಮಾಡದೆ ಮೀನಿನ ತೊಟ್ಟಿಗೆ ಕೈ ಹಾಕಬೇಡಿ. ಹರಳು ಕೀಟನಾಶಕ ಹಾಕಿದ ಕುಂಡದ ಗಿಡವನ್ನು ತೊಟ್ಟಿಗೆ ತರಲೇಬೇಡಿ.

ತುಂಡುಗಳನ್ನು ನಿಲ್ಲಿಸಲು ದುಡ್ಡಿನ ಸಲಕರಣೆ ಬೇಡ. ಅಂಗುಲ ದಪ್ಪದ ಥರ್ಮೋಕೋಲ್ ಪಟ್ಟಿಗೆ ತೂತು ಕೊರೆದು, ಕಾಂಡ ತೂರಿಸಿ ನೀರಿನ ಮೇಲೆ ತೇಲಬಿಡಬಹುದು. ತೊಟ್ಟಿಯ ಹಿಂಬದಿಯ ಅಂಚಿಗೆ ಬಟ್ಟೆಯ ಕ್ಲಿಪ್ ಹಾಕಿಯೂ ನಿಲ್ಲಿಸಬಹುದು. ಒಂದು ಗೆಣ್ಣು ನೀರಿನೊಳಗೆ, ಎಲೆಯೆಲ್ಲ ಹೊರಗೆ, ಇಷ್ಟೇ ನಿಯಮ. ನನ್ನ ತೊಟ್ಟಿಯಲ್ಲಿ ಐದು ತುಂಡುಗಳಿವೆ. ಒಂದೆರಡು ವಾರದಲ್ಲಿ ಬಿಳಿ ಬೇರು ಚಾಚುತ್ತದೆ. ಬೇರು ಕಂದಾಗಿ ಲೋಳೆ ಲೋಳೆಯಾಗಿ, ವಾಸನೆ ಬಂದರೆ ಆ ತುಂಡನ್ನು ಕೂಡಲೇ ತೆಗೆಯಿರಿ, ಸುಧಾರಿಸೀತೆಂದು ಕಾಯಬೇಡಿ.

ತೊಟ್ಟಿ ಕಿಟಕಿಯ ಪಕ್ಕದಲ್ಲಿರಲಿ, ಆದರೆ ನೇರ ಬಿಸಿಲು ಬೀಳದಿರಲಿ. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ, ಎಲೆ ಸುಡುತ್ತದೆ, ನೀರು ಕಾಯುತ್ತದೆ. ನೀರು, ಮರಳು, ಗಾಜು ಸೇರಿ ಅರ್ಧ ಕ್ವಿಂಟಾಲು ಮೀರುವುದರಿಂದ ಮೇಜು ಗಟ್ಟಿಯಾಗಿ, ಸಮತಟ್ಟಾಗಿರಬೇಕು. ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕುತ್ತಿದ್ದರೆ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಹೊಸ ತೊಟ್ಟಿಯಲ್ಲಿ ಮೊದಲು ಹೇಳಿದ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಎರಡು ಮೂರು ಮೀನು ಮಾತ್ರ ಇರಲಿ, ಆಹಾರ ಒಂದು ಚಿಟಿಕೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಕೈ ಹಾಕುವ ಮೊದಲು ಪಂಪಿನ ಸ್ವಿಚ್ ಆರಿಸಿ. ವೈರು ನೇರ ಪ್ಲಗ್ಗಿಗೆ ಏರದೆ ಒಂದು ಬಾಗು ಕೆಳಗೆ ಇಳಿದು ಹೋಗಲಿ, ವೈರಿನ ಗುಂಟ ನೀರು ಜಾರಿದರೆ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಬಳ್ಳಿಯನ್ನು ಪ್ಲಗ್ಗಿನತ್ತ ಹಬ್ಬಿಸಬೇಡಿ.

ಎಲೆ ಹೆಚ್ಚಾದಂತೆ ನೀರು ಬೇಗ ಇಳಿಯುತ್ತದೆ, ತುಂಬಿಸುತ್ತಿರಿ. ಬೇರು ಫಿಲ್ಟರಿನೊಳಕ್ಕೆ ನುಗ್ಗಿದರೆ ಕತ್ತರಿಸಿ. ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ನೀರು ಬದಲಿಸುವುದನ್ನು ಗಿಡವಿದೆಯೆಂದು ನಿಲ್ಲಿಸುವಂತಿಲ್ಲ. ಎಲೆ ಹಳದಿಯಾದರೂ ತೊಟ್ಟಿಗೆ ರಾಸಾಯನಿಕ ಗೊಬ್ಬರ ಹಾಕಬೇಡಿ. ಯೂರಿಯಾ ಬೇಡ, 19:19:19 ಬೇಡ. ಡಿಎಪಿಯ ಕಥೆ ಹೇಳಿದ್ದೇನೆ. ಸಾಮಾನ್ಯವಾಗಿ ಅಂಥ ಗಿಡಕ್ಕೆ ಕಬ್ಬಿಣವೋ ಪೊಟ್ಯಾಷೋ ಸಾಲದಿರುತ್ತದೆ. ಆ ಬಳ್ಳಿಯನ್ನು ಮಣ್ಣಿಗೆ ದಾಟಿಸಿ, ಹೊಸ ತುಂಡು ಇಳಿಬಿಡುವುದು ಸುಲಭದ ದಾರಿ.

ತೆಗೆದ ಹಳೆಯ ನೀರು ‘ಅಮೃತ’ವೆಂದು ಕೆಲವರು ಹೊಗಳುವುದನ್ನು ಕೇಳಿದ್ದೇನೆ. ಲೆಕ್ಕ ನೋಡೋಣ. ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದ್ದರೂ ಹತ್ತು ಲೀಟರಿನಲ್ಲಿರುವ ಸಾರಜನಕ 0.09 ಗ್ರಾಂ, ಅಂದರೆ 0.2 ಗ್ರಾಂ ಯೂರಿಯಾಕ್ಕೆ ಸಮ. ವಾರಕ್ಕೆ ಹತ್ತು ಲೀಟರಿನಂತೆ ವರ್ಷವಿಡೀ ಸೇರಿಸಿದರೂ ಹತ್ತು ಗ್ರಾಂ ಯೂರಿಯಾ. ಕರಿಬೇವಿನ ಬುಡಕ್ಕೆ ಸುರಿಯಿರಿ, ನಷ್ಟವಿಲ್ಲ, ಆದರೆ ಗೊಬ್ಬರದ ಖರ್ಚು ಉಳಿಯಿತೆಂದು ತಿಳಿಯಬೇಡಿ.

ಯಾವುದು ಸರಿ, ಯಾವುದು ಬೇಡ

ಮನಿಪ್ಲಾಂಟಿನಂತೆಯೇ ಸಿಂಗೋನಿಯಂ, ಹೃದಯಾಕಾರದ ಎಲೆಯ ಫಿಲೋಡೆಂಡ್ರಾನ್, ಲಕ್ಕಿ ಬ್ಯಾಂಬೂ ಬೇರನ್ನಷ್ಟೇ ಇಳಿಬಿಟ್ಟರೆ ಬಹುಕಾಲ ಬಾಳುತ್ತವೆ. ಪೀಸ್ ಲಿಲ್ಲಿ, ಸ್ಪೈಡರ್ ಗಿಡಗಳಲ್ಲಿ ಎಲೆಗಳು ಹೊರಡುವ ಬುಡ ನೀರಿಗೆ ತಾಗಬಾರದು, ತಾಗಿದರೆ ಅಲ್ಲಿಂದಲೇ ಕೊಳೆ ಶುರು. ಗೆಣಸಿನ ಬಳ್ಳಿ ಬಹು ಬೇಗ ಬೇರು ಬಿಡುತ್ತದೆ, ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಕೆಸು ಮತ್ತು ಬಜೆ ಗಾಜಿನ ತೊಟ್ಟಿಗೆ ದೊಡ್ಡದಾಗುತ್ತವೆ, ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಮೀನು ಬಿಟ್ಟವರು ಪ್ರಯತ್ನಿಸಬಹುದು.

ಲೋಳೆಸರ, ಪಾಪಾಸುಕಳ್ಳಿಯಂಥ ಒಣನೆಲದ ಗಿಡಗಳು ಬೇಡ. ಕಳ್ಳಿ, ಕ್ರೋಟನ್ ಮುಂತಾಗಿ ಹಾಲು ಒಸರುವ ಗಿಡಗಳು ಬೇಡವೇ ಬೇಡ. ಹಿಂದೆ ಹಳ್ಳದ ಮಡುವಿಗೆ ಕಳ್ಳಿಹಾಲು ಬಿಟ್ಟು ಮೀನು ಹಿಡಿಯುತ್ತಿದ್ದುದನ್ನು ಕಂಡ ಹಿರಿಯರು ನಿಮ್ಮಲ್ಲಿದ್ದಾರೆ, ಕಾರಣ ಅವರು ಹೇಳುತ್ತಾರೆ. ಕಣಗಿಲೆಯೂ ವಿಷ. ದೊಡ್ಡ ಮಚ್ಚೆ ಎಲೆಯ ಡೀಫೆನ್‌ಬೇಕಿಯಾ ರಸ ಬಾಯಿಗೆ ತಾಗಿದರೆ ನಾಲಿಗೆ ಊದಿಕೊಳ್ಳುತ್ತದೆ, ಸಣ್ಣ ಮಕ್ಕಳಿರುವ ಮನೆಯಲ್ಲಿ ಬೇಡ. ಮನಿಪ್ಲಾಂಟಿನಲ್ಲೂ ಕೆಸುವಿನಲ್ಲಿರುವಂಥದೇ ತುರಿಕೆಯ ಹರಳುಗಳಿವೆ. ಕತ್ತರಿಸಿದ ಬಳ್ಳಿಯನ್ನು ಆಡು ಕರುಗಳ ಮುಂದೆ ಎಸೆಯಬೇಡಿ.

ಬಾಟಲಿಯೊಳಗಿನ ಸೊಳ್ಳೆ

ತೊಟ್ಟಿಯಿಲ್ಲದವರೂ ಮನಿಪ್ಲಾಂಟನ್ನು ಬಾಟಲಿಯ ನೀರಿನಲ್ಲಿ ಕಿಟಕಿಗಿಡುತ್ತಾರೆ. ಆ ಬಾಟಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಒಳ್ಳೆಯ ಹೆರಿಗೆಮನೆ. ಅದು ಮೊಟ್ಟೆಯಿಡುವುದು ಕೊಳಚೆಯಲ್ಲಲ್ಲ, ಇಂಥ ತಿಳಿನೀರಿನ ಅಂಚಿಗೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಗಾಜಿಗೆ ಅಂಟಿಕೊಂಡಿರುತ್ತದೆ. ವಾರಕ್ಕೊಮ್ಮೆ ಬಾಟಲಿಯ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಗಪ್ಪಿ ಇರುವ ತೊಟ್ಟಿಯಲ್ಲಿ ಈ ಚಿಂತೆಯಿಲ್ಲ, ಮರಿಹುಳುಗಳನ್ನು ಅದು ಹುಡುಕಿ ಹುಡುಕಿ ತಿನ್ನುತ್ತದೆ.

ಕೆರೆಗೆ ಸುರಿಯಬೇಡಿ

ಈಗ ಮೊದಲು ಬಾಕಿಯಿಟ್ಟ ಮಾತು. ಊದಾ ಬಣ್ಣದ ಹೂವಿನ, ಉಬ್ಬಿದ ತೊಟ್ಟಿನ ಅಂತರಗಂಗೆ ಕಳೆ ನಮ್ಮ ದೇಶದ್ದಲ್ಲ. ದಕ್ಷಿಣ ಅಮೆರಿಕದಿಂದ ಹೂವಿನ ಚೆಂದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂದದ್ದು. ಇಂದು ಅದು ಕಟ್ಟಿದ ತೂಬು, ಮುಚ್ಚಿದ ನಾಲೆಗಳು ನಿಮಗೆ ಗೊತ್ತಿವೆ. ಸಾಲ್ವೀನಿಯಾ ಎಂಬ ತೇಲುವ ಜರಿಗಿಡ ಕೇರಳದ ಭತ್ತದ ಗದ್ದೆಗಳನ್ನೂ ಕಾಲುವೆಗಳನ್ನೂ ಮುಚ್ಚಿತು. 1980ರ ದಶಕದಲ್ಲಿ ಈ ಎರಡು ಕಳೆಗಳನ್ನು ತಿನ್ನುವ ಸೊಂಡಿಲು ಕೀಟಗಳನ್ನು ಹೊರದೇಶಗಳಿಂದ ತರಿಸಿ ಬೆಂಗಳೂರಿನ ನೀರುಗಳಲ್ಲೇ ಬಿಟ್ಟು ಪರೀಕ್ಷಿಸಿದರು. ಸಾಲ್ವೀನಿಯಾದ ಕೀಟ ಕೇರಳದಲ್ಲಿ ಬಹಳ ಕೆಲಸ ಮಾಡಿತು. ಅಂತರಗಂಗೆಯ ಕೀಟವೂ ಕೆಲವು ಕೆರೆಗಳಲ್ಲಿ ಗೆದ್ದಿತು, ಆದರೆ ಪಟ್ಟಣದ ಚರಂಡಿ ನೀರು ಸಾರಜನಕ ಉಣಿಸುತ್ತಲೇ ಇರುವ ಕೆರೆಗಳಲ್ಲಿ ಕಳೆ ಮತ್ತೆ ಮತ್ತೆ ಏಳುತ್ತದೆ.

2020ರಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿ ಎಂಬಲ್ಲಿ ನೀರಿನ ಕಾಲುವೆ ಪೂರ್ತಿ ಗುಲಾಬಿ ಹೂವಾಯಿತು. ಜನ ತಂಡ ತಂಡವಾಗಿ ನೋಡಲು ಬಂದರು, ಚಿತ್ರ ತೆಗೆದರು, ಗಿಡ ಕಿತ್ತು ಮನೆಗೂ ಒಯ್ದರು. ಆ ಗಿಡ ಕಬೊಂಬ, ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ದಕ್ಷಿಣ ಅಮೆರಿಕದ ಜಲಸಸ್ಯ. ಒಂದು ತುಂಡು ಸಾಕು, ಗೆಣ್ಣಿನಿಂದ ಮತ್ತೆ ಚಿಗುರುತ್ತದೆ.

ಅಂಗಡಿಯ ಪರದೇಶಿ ಜಲಸಸ್ಯಕ್ಕಿಂತ ಮನೆಯ ಮನಿಪ್ಲಾಂಟ್ ಮೇಲೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಅದನ್ನೂ ಹಳ್ಳದ ದಂಡೆಗೆ ಎಸೆಯಬಾರದು. ನೆರಳು ತೇವ ಸಿಕ್ಕಲ್ಲಿ ಬೇರೂರಿ ಮರವೇರುತ್ತದೆ, ಶ್ರೀಲಂಕಾದಲ್ಲಿ ಅದು ಕಾಡಿಗೆ ನುಗ್ಗಿದ ಕಳೆಯಾಗಿದೆ. ಕತ್ತರಿಸಿದ ಬಳ್ಳಿ, ತೆಗೆದ ಜಲಸಸ್ಯ ಯಾವುದೇ ಇರಲಿ, ಸಿಮೆಂಟ್ ನೆಲದ ಮೇಲೆ ಬಿಸಿಲಿಗೆ ಹರಡಿ, ಗರಿಗರಿ ಒಣಗಿದ ಮೇಲೆ ತಿಪ್ಪೆಗೆ ಸೇರಿಸಿ. ತೊಟ್ಟಿಯ ನೀರನ್ನು ಕೆರೆಗೆ ಹೋಗುವ ಮೋರಿಗೆ ಬಿಡದೆ ತೆಂಗಿನ ಪಾತಿಗೆ ಬಿಡಿ. ಸಾಕಲಾಗದ ಮೀನನ್ನು ಸಾಕುವವರಿಗೆ ಕೊಡಿ. ಗಪ್ಪಿಯೂ ಪರದೇಶಿಯೇ, ತೊಟ್ಟಿಗಳಲ್ಲಿ ಉಪಕಾರಿ, ಹಳ್ಳ ಕೆರೆಗಳಲ್ಲಿ ನಮ್ಮ ಸಣ್ಣ ಮೀನುಗಳ ಪಾಲು ಕಸಿಯುತ್ತದೆ.

ಬದುಕುಳಿದ ನಾಲ್ಕು ಗಪ್ಪಿಗಳು ಈಗ ಮರಿ ಹಾಕಿವೆ. ಗಪ್ಪಿ ತನ್ನ ಮರಿಯನ್ನು ತಾನೇ ತಿನ್ನುವ ಜಾತಿ. ಆದರೆ ಇಳಿಬಿದ್ದ ಬೇರಿನ ಪೊದೆಯಲ್ಲಿ ಮರಿಗಳು ಅಡಗಿ ಕುಳಿತು ಬೆಳೆಯುತ್ತಿವೆ, ಎಣಿಸುವ ಕೆಲಸ ಮಗಳದ್ದು. ಕಳೆದ ತಿಂಗಳು ಆ ಹಿರಿಯ ರೈತರು ಮತ್ತೆ ಬಂದಿದ್ದರು. ಮೊಮ್ಮಗನ ಶಾಲೆಯ ತೊಟ್ಟಿಗೆ ಬೇಕೆಂದು ಒಂದು ತುಂಡು ಬಳ್ಳಿ ಕೇಳಿದರು. ನಾನು ಚಾಕು ತಂದೆ. ಗೆಣ್ಣಿನ ಮೇಲೆ ಹಿಡಿದಿದ್ದ ನನ್ನ ಕೈಯನ್ನು ಅವರೇ ಅರ್ಧ ಅಂಗುಲ ಕೆಳಕ್ಕೆ ಸರಿಸಿದರು.